ಕಿವಿಗೆ ಕೇಳಿಸದ ಅಕ್ಷರಗಳು: ಇಂಗ್ಲಿಷ್ ಪದದಾಟಗಳಿಗೆ ಪದ ಹುಡುಕುವ ಸಮಗ್ರ ಮಾರ್ಗದರ್ಶಿ

ಒಂದು ಸಂಜೆ ಮಗಳು ಮೊಬೈಲ್ ಹಿಡಿದು ನನ್ನ ಪಕ್ಕದಲ್ಲಿ ಬಂದು ಕುಳಿತಳು. ‘ಅಪ್ಪ, ಐದು ಅಕ್ಷರದ ಪದ. ಸಿ ಇದೆ, ಎನ್ ಇದೆ, ಸರಿಯಾಗಿ ನಡುವೆ ಓ ಇದೆ. ಪದವೇ ಹೊಳೆಯುತ್ತಿಲ್ಲ’ ಎಂದಳು. ಇಬ್ಬರೂ ಶಬ್ದಗಳನ್ನು ಬಾಯಲ್ಲಿ ಉರುಳಿಸತೊಡಗಿದೆವು: ಕಾನ್, ಕೋನ್, ನಾಕ್... ‘ನಾಕ್’ ಎಂದಾಗ ಅವಳು ತಲೆಯಾಡಿಸಿಬಿಟ್ಟಳು. ‘ಎನ್ ಮೊದಲು ಬಂದರೆ ಓ ಎರಡನೆಯ ಮನೆಗೆ ಬರುತ್ತದೆ, ಅದು ಆಗುವುದಿಲ್ಲ.’ ಹೌದಲ್ಲ ಎಂದುಕೊಂಡು ಮುಂದೆ ಹೋದೆವು. ಹತ್ತು ನಿಮಿಷ ತಡಕಾಡಿದ ಮೇಲೆ ಗೊತ್ತಾಯಿತು, ಉತ್ತರ ಆ ‘ನಾಕ್’ ಎಂಬುದೇ ಆಗಿತ್ತು. ಬಾಗಿಲು ತಟ್ಟುವ ನಾಕ್. ಕೆ-ಎನ್-ಓ-ಸಿ-ಕೆ. ಉತ್ತರ ನಾಲಿಗೆಯ ಮೇಲೇ ಬಂದು ಕುಳಿತಿತ್ತು. ಅದರ ಮುಂದಿನ ಕೆ ಮಾತ್ರ ನಮ್ಮ ಕಿವಿಗೆ ಕೇಳಿಸಲಿಲ್ಲ.

ಕನ್ನಡದಲ್ಲಿ ಬೆಳೆದವರಿಗೆ ಇದು ಸಹಜವಾದ ಎಡವು. ನಮ್ಮ ಲಿಪಿಯಲ್ಲಿ ಆಡಿದ್ದನ್ನು ಬರೆಯುತ್ತೇವೆ, ಬರೆದದ್ದನ್ನೇ ಓದುತ್ತೇವೆ. ದಿನಪತ್ರಿಕೆಯ ಪದಬಂಧದಲ್ಲಿ ಒಂದು ಮನೆಗೆ ಒಂದು ಅಕ್ಷರವೆಂದರೆ ಒಂದು ಪೂರ್ತಿ ಉಚ್ಚಾರ. ‘ಸ್ತ್ರೀ’ ಕೂಡ ಒಂದೇ ಮನೆಯಲ್ಲಿ ನೆಮ್ಮದಿಯಾಗಿ ಕೂರುತ್ತದೆ. ಇಂಗ್ಲಿಷಿನ ಮನೆಯಲ್ಲಿ ಕೂರುವುದು ಉಚ್ಚಾರವಲ್ಲ, ಬರಿಯ ಗುರುತು. ಅದು ಕೆಲವೊಮ್ಮೆ ಸದ್ದು ಮಾಡುತ್ತದೆ, ಕೆಲವೊಮ್ಮೆ ಸುಮ್ಮನಿರುತ್ತದೆ. ಆದ್ದರಿಂದ ಮುಂದೆ ಹೇಳುವ ಎಲ್ಲ ಉಪಾಯಗಳ ಬೇರು ಒಂದೇ: ಪದವನ್ನು ಕಿವಿಯಿಂದ ಹುಡುಕಬೇಡಿ, ಕಣ್ಣಿನಿಂದ ಹುಡುಕಿ.

ಇದು ಎಷ್ಟು ದೂರ ಕರೆದೊಯ್ಯಬಲ್ಲದು ಎಂಬುದಕ್ಕೆ ನ್ಯೂಜಿಲೆಂಡಿನ ನೈಜಲ್ ರಿಚರ್ಡ್ಸ್ ಸಾಕ್ಷಿ. ಫ್ರೆಂಚ್ ಮಾತನಾಡಲು ಬಾರದ ಅವರು, ಅಕ್ಷರದ ಬಿಲ್ಲೆಗಳಿಂದ ಮಣೆಯ ಮೇಲೆ ಪದ ಕಟ್ಟುವ ಸ್ಕ್ರ್ಯಾಬಲ್ ಆಟದಲ್ಲಿ, 2015ರಲ್ಲಿ ಫ್ರೆಂಚ್ ಭಾಷೆಯ ವಿಶ್ವ ಚಾಂಪಿಯನ್ ಆದರು. 2024ರಲ್ಲಿ ಸ್ಪ್ಯಾನಿಷ್ ಭಾಷೆಯದನ್ನೂ ಗೆದ್ದರು. ಪದಗಳ ಅರ್ಥ, ಉಚ್ಚಾರ ಯಾವುದೂ ಅವರಿಗೆ ಬೇಕಾಗಲಿಲ್ಲ. ಅಕ್ಷರಗಳ ಸಾಲು ಕಣ್ಣಿಗೆ ಕಟ್ಟಿದ್ದರೆ ಸಾಕಾಗಿತ್ತು. ನಮ್ಮ ಇಂಗ್ಲಿಷ್ ಉಚ್ಚಾರದ ಬಗ್ಗೆ ಅಳುಕುವವರಿಗೆ ಇದಕ್ಕಿಂತ ಧೈರ್ಯ ತುಂಬುವ ಸುದ್ದಿ ನನಗೆ ಗೊತ್ತಿಲ್ಲ.

ಹೆಜ್ಜೆ 1: ಆಟ ನಿಜವಾಗಿ ಕೇಳುತ್ತಿರುವುದೇನು?

‘ಈ ಅಕ್ಷರಗಳಿರುವ ಪದ ಬೇಕು’ ಎಂಬ ಮಾತಿನಲ್ಲಿ ಕನಿಷ್ಠ ಮೂರು ಬೇರೆ ಬೇರೆ ಪ್ರಶ್ನೆಗಳಿವೆ. ಇವನ್ನು ಬೆರೆಸಿಕೊಂಡರೆ ತಲೆಯೂ ಕೆಲಸ ಮಾಡುವುದಿಲ್ಲ, ಹುಡುಕು ತಾಣಗಳೂ ಸಂಬಂಧವಿಲ್ಲದ ಪದಗಳನ್ನು ಸುರಿಯುತ್ತವೆ.

ಐದಕ್ಷರದ ಗುಪ್ತ ಪದವನ್ನು ಆರು ಊಹೆಗಳೊಳಗೆ ಹಿಡಿಯುವ ವರ್ಡಲ್‌ನಂಥ ಆಟ ಕೇಳುವುದು ‘ಈ ಅಕ್ಷರಗಳು ಇರಬೇಕು, ಇವು ಇರಬಾರದು, ಇದು ಇಂಥ ಮನೆಯಲ್ಲೇ ಇರಬೇಕು’ ಎಂದು. ಉಳಿದ ಮನೆಗಳಲ್ಲಿ ಹೊಸ ಅಕ್ಷರ ಬರಬಹುದು. ಸ್ಕ್ರ್ಯಾಬಲ್ ಕೇಳುವುದು ‘ಕೈಯಲ್ಲಿರುವ ಏಳು ಬಿಲ್ಲೆಗಳಲ್ಲಿ, ಒಂದೊಂದನ್ನು ಒಂದೇ ಸಲ ಬಳಸಿ, ಏನು ಕಟ್ಟಬಹುದು’ ಎಂದು. ಜೊತೆಗೆ ಮಣೆಯ ಮೇಲೆ ಈಗಾಗಲೇ ಇರುವ ಒಂದೆರಡು ಅಕ್ಷರ. ನ್ಯೂಯಾರ್ಕ್ ಟೈಮ್ಸ್‌ನ ಸ್ಪೆಲ್ಲಿಂಗ್ ಬೀ ಕೇಳುವುದು ಇನ್ನೊಂದು: ಕೊಟ್ಟ ಏಳು ಅಕ್ಷರಗಳನ್ನು ಬಿಟ್ಟು ಬೇರೆಯದು ಬರಬಾರದು, ನಡುವಿನ ಅಕ್ಷರ ಬರಲೇಬೇಕು, ಆದರೆ ಒಂದೇ ಅಕ್ಷರವನ್ನು ಎಷ್ಟು ಸಲ ಬೇಕಾದರೂ ಬಳಸಬಹುದು, ಪದಕ್ಕೆ ಕನಿಷ್ಠ ನಾಲ್ಕು ಅಕ್ಷರ ಇರಬೇಕು. ಇಂಗ್ಲಿಷ್ ಪದಬಂಧದ ಪ್ರಶ್ನೆ ವರ್ಡಲ್‌ನದಕ್ಕೇ ಹತ್ತಿರ, ಸುಳಿವೊಂದು ಹೆಚ್ಚು, ಅಷ್ಟೆ.

ಕಾಗದದ ಮೇಲೆ ಒಂದು ಸಾಲಿನಲ್ಲಿ ಬರೆದುಕೊಳ್ಳಿ: ಎಷ್ಟು ಮನೆ, ಯಾವುದು ಇರಲೇಬೇಕು, ಯಾವುದು ಇರಬಾರದು, ಒಂದೇ ಅಕ್ಷರ ಎರಡು ಸಲ ಬರಬಹುದೇ. ಅರ್ಧ ನಿಮಿಷದ ಈ ಕೆಲಸ ಹತ್ತು ನಿಮಿಷದ ಗೊಂದಲವನ್ನು ಉಳಿಸುತ್ತದೆ.

ಹೆಜ್ಜೆ 2: ಯಾವ ನಿಘಂಟಿನ ಪದ?

ಆಟದಲ್ಲಿ ‘ಪದ’ ಎಂದರೆ ಆ ಆಟ ಒಪ್ಪಿದ ಪಟ್ಟಿಯಲ್ಲಿರುವ ಪದ. ಅಮೆರಿಕ ಮತ್ತು ಕೆನಡಾದ ಸ್ಕ್ರ್ಯಾಬಲ್ ಆಟಗಾರರಲ್ಲಿ ಹೆಚ್ಚಿನವರದು ಒಂದು ಪಟ್ಟಿ. ಭಾರತವೂ ಸೇರಿ ಉಳಿದ ಹೆಚ್ಚಿನ ದೇಶಗಳ ಪಂದ್ಯಾವಳಿಗಳಲ್ಲಿ ಕಾಲಿನ್ಸ್ ಪಟ್ಟಿ ನಡೆಯುತ್ತದೆ. ಕಾಲಿನ್ಸ್ ದೊಡ್ಡದು. ಎರಡು ಅಕ್ಷರದ ಪದಗಳನ್ನೇ ತೆಗೆದುಕೊಂಡರೆ, 2019ರ ಕಾಲಿನ್ಸ್ ಪಟ್ಟಿಯಲ್ಲಿ ಅವು 127 ಇದ್ದವು. 2018ರ ಅಮೆರಿಕದ ಪಟ್ಟಿಯಲ್ಲಿ 107. ಆಟ ಆರಂಭಿಸುವ ಮೊದಲೇ ಎದುರಾಳಿಯೊಡನೆ ಇದನ್ನು ಮಾತನಾಡಿಕೊಳ್ಳಿ. ನಡುವೆ ಜಗಳ ಹುಟ್ಟುವುದು ಇಲ್ಲಿಯೇ.

ವರ್ಡಲ್‌ನ ಕಥೆ ಬೇರೆ. ಅದನ್ನು ರೂಪಿಸಿದ ಜಾಶ್ ವಾರ್ಡಲ್ ಅವರ ಬಳಿ ಐದಕ್ಷರದ ಸುಮಾರು 12,000 ಪದಗಳಿದ್ದವು. ಅವರ ಸಂಗಾತಿ ಪಲಕ್ ಶಾ ಒಂದೊಂದನ್ನೂ ನೋಡಿ, ಸಾಮಾನ್ಯ ಜನರಿಗೆ ಗೊತ್ತಿರುವಂಥವನ್ನು ಮಾತ್ರ ಉಳಿಸಿ, ಉತ್ತರಗಳ ಪಟ್ಟಿಯನ್ನು ಸುಮಾರು 2,500ಕ್ಕೆ ಇಳಿಸಿದರು. ಇದು ನಮಗೆ ದೊಡ್ಡ ಸುಳಿವು. ಊಹೆಯಾಗಿ ವಿಚಿತ್ರ ಪದವನ್ನೂ ಹಾಕಬಹುದು, ಆದರೆ ಉತ್ತರ ಸಾಮಾನ್ಯವಾಗಿ ನಮಗೆ ಗೊತ್ತಿರುವ ಪದವೇ ಆಗಿರುತ್ತದೆ. ನಾಲ್ಕಕ್ಷರದ ಪದಕ್ಕೆ ಬರಿಯ ಎಸ್ ಅಂಟಿಸಿದ ಬಹುವಚನ ಉತ್ತರವಾಗುವುದು ತೀರಾ ಅಪರೂಪ.

ಹೆಜ್ಜೆ 3: ಒಂದು ಧ್ವನಿಯ ಹಲವು ಬರಹಗಳನ್ನು ಗುರುತು ಹಾಕಿಕೊಳ್ಳಿ

ಕನ್ನಡಿಗರಿಗೆ ಅತಿ ಹೆಚ್ಚು ಫಲ ಕೊಡುವ ಹೆಜ್ಜೆ ಇದು. ಇಂಗ್ಲಿಷ್ ಮಾತೃಭಾಷೆಯವರಿಗಾಗಿ ಬರೆದ ಮಾರ್ಗದರ್ಶಿಗಳಲ್ಲಿ ಇದಕ್ಕೆ ಜಾಗ ಇರುವುದಿಲ್ಲ, ಏಕೆಂದರೆ ಅವರು ಬರಹವನ್ನು ಚಿಕ್ಕಂದಿನಿಂದ ಕಣ್ಣಿನಲ್ಲೇ ಹೊತ್ತಿರುತ್ತಾರೆ. ನಾವು ಕೂತು ಕಲಿಯಬೇಕು, ಆದರೆ ಒಂದು ವಾರ ಸಾಕು.

ಒಂದು ನೋಟ್‌ಬುಕ್ ತೆಗೆದುಕೊಂಡು ಎಡಗಡೆ ಕನ್ನಡದ ಧ್ವನಿಯನ್ನು ಬರೆಯಿರಿ, ಬಲಗಡೆ ಅದು ಇಂಗ್ಲಿಷಿನಲ್ಲಿ ತೊಡುವ ವೇಷಗಳನ್ನು. ‘ನ’ ಎಂದರೆ ಬರಿಯ ಎನ್ ಅಲ್ಲ. ನೈಫ್, ನೀಲ್, ನಾಟ್ ಮುಂತಾದವುಗಳಲ್ಲಿ ಕೆ-ಎನ್. ನೋಮ್, ನ್ಯಾಷ್, ನ್ಯಾಟ್ ಎಂಬಲ್ಲಿ ಜಿ-ಎನ್. ‘ರ’ ಎಂದರೆ ಆರ್, ಆದರೆ ರಿಸ್ಟ್ ಮತ್ತು ರೆಕ್ ಬರೆಯುವಾಗ ಡಬ್ಲ್ಯು-ಆರ್, ರೈಮ್ ಮತ್ತು ರೈನೋ ಬರೆಯುವಾಗ ಆರ್-ಎಚ್. ‘ಸ’ ಎಂದರೆ ಎಸ್, ಸಿ, ಸೀನ್ ಮತ್ತು ಸೆಂಟ್ ಎಂಬಲ್ಲಿ ಎಸ್-ಸಿ, ಸಾಮ್ ಎಂಬ ಸ್ತೋತ್ರದಲ್ಲಿ ಪಿ-ಎಸ್. ‘ಫ’ ಎಂದರೆ ಎಫ್, ಪಿ-ಎಚ್, ಲಾಫ್ ಮತ್ತು ಟಫ್‌ಗಳ ಕೊನೆಯಲ್ಲಿ ಜಿ-ಎಚ್. ‘ಶ’ ಅತ್ಯಂತ ಬಹುರೂಪಿ: ಎಸ್-ಎಚ್, ಶುಗರ್‌ನಲ್ಲಿ ಬರಿಯ ಎಸ್, ಶೆಫ್‌ನಲ್ಲಿ ಸಿ-ಎಚ್, ಪದದ ಕೊನೆಯ ‘ಶನ್’ ಎಂಬಲ್ಲಿ ಟಿ-ಐ. ‘ಕ’ ಕೆ ಆಗಬಹುದು, ಸಿ ಆಗಬಹುದು, ಕೊನೆಯಲ್ಲಿ ಸಿ-ಕೆ ಆಗಬಹುದು, ಕಾರ್ಡ್ ಎಂಬ ಸ್ವರಮೇಳದ ಪದದಲ್ಲಿ ಸಿ-ಎಚ್ ಆಗಬಹುದು.

ಸುಮ್ಮನಿರುವ ಅಕ್ಷರಗಳಿಗೆ ಬೇರೆಯೇ ಒಂದು ಪುಟ ಇಡಿ: ಲ್ಯಾಮ್ ಎಂಬ ಕುರಿಮರಿಯ ಕೊನೆಯ ಬಿ, ಡೌಟ್‌ನ ನಡುವಿನ ಬಿ, ನೈಟ್ ಎಂಬ ರಾತ್ರಿಯ ಹೊಟ್ಟೆಯೊಳಗಿನ ಜಿ-ಎಚ್. ಐದು ಮನೆಗಳಲ್ಲಿ ಎರಡು ಮನೆ ಹೀಗೆ ಮೌನವಾಗಿದ್ದರೆ ಕಿವಿ ಎಷ್ಟು ಕಷ್ಟಪಟ್ಟರೂ ಪದ ಸಿಗುವುದಿಲ್ಲ.

ನೆರೆಹೊರೆಯನ್ನೂ ಗಮನಿಸಿ. ಇಂಗ್ಲಿಷಿನಲ್ಲಿ ಸಿ-ಕೆ ಜೋಡಿ ಪದದ ಮೊದಲಲ್ಲಿ ಬರುವುದಿಲ್ಲ. ಕ್ಯೂ ಕಂಡರೆ ಮುಂದಿನದು ಬಹುಮಟ್ಟಿಗೆ ಯು. ಎಚ್ ಸಿಕ್ಕರೆ ಅದರ ಹಿಂದೆ ಸಿ, ಎಸ್, ಟಿ, ಡಬ್ಲ್ಯು, ಪಿ, ಜಿ ಇವುಗಳಲ್ಲಿ ಒಂದಿದೆಯೇ ಎಂದು ನೋಡಿ. ಹೀಗೆ ಜೋಡಿ ಕಟ್ಟಿಬಿಟ್ಟರೆ ಐದು ಬಿಡಿ ಅಕ್ಷರಗಳ ಬದಲು ಮೂರು ತುಂಡುಗಳನ್ನು ಹೊಂದಿಸಿದರೆ ಸಾಕು.

ಹೆಜ್ಜೆ 4: ಮನೆಗಳಿರುವ ಆಟದಲ್ಲಿ ಹುಡುಕುವ ಕ್ರಮ

ಮತ್ತೆ ಮಗಳ ಆಟಕ್ಕೆ ಬರೋಣ. ಅದು ವರ್ಡಲ್. ಊಹೆಯ ಪದದಲ್ಲಿ ಅಕ್ಷರ ಹಸಿರಾದರೆ ಅದು ಸರಿಯಾದ ಮನೆಯಲ್ಲೇ ಇದೆ, ಹಳದಿಯಾದರೆ ಪದದಲ್ಲಿದೆ ಆದರೆ ಬೇರೆ ಮನೆಯಲ್ಲಿ, ಬೂದಾದರೆ ಸಾಮಾನ್ಯವಾಗಿ ಪದದಲ್ಲೇ ಇಲ್ಲ. ಅವಳ ಮೊದಲ ಊಹೆ ಸ್ಲೇಟ್, ಅಂದರೆ ಎಸ್-ಎಲ್-ಎ-ಟಿ-ಇ. ಐದೂ ಬೂದು. ಎರಡನೆಯದು ಕ್ರೋನಿ, ಅಂದರೆ ಸಿ-ಆರ್-ಓ-ಎನ್-ವೈ. ಓ ಹಸಿರು, ಸಿ ಮತ್ತು ಎನ್ ಹಳದಿ, ಆರ್ ಮತ್ತು ವೈ ಬೂದು. ಈಗ ತುಟಿ ಮುಚ್ಚಿ ಪೆನ್ಸಿಲ್ ಹಿಡಿಯಿರಿ.

ಐದು ಗೆರೆ ಎಳೆದು ಮೂರನೆಯದರ ಮೇಲೆ ಓ ಬರೆಯಿರಿ. ಸಿ ಮೊದಲ ಮನೆಯಲ್ಲಿಲ್ಲ, ಮೂರನೆಯದು ತುಂಬಿದೆ. ಹಾಗಾಗಿ ಅದು ಎರಡು, ನಾಲ್ಕು ಅಥವಾ ಐದರಲ್ಲಿರಬೇಕು. ಎನ್ ನಾಲ್ಕನೆಯದರಲ್ಲಿಲ್ಲ, ಅದು ಒಂದು, ಎರಡು ಅಥವಾ ಐದರಲ್ಲಿರಬೇಕು. ಈಗ ಒಂದೊಂದೇ ಜೋಡಿಯನ್ನು ಬರೆದು ನೋಡಿ. ಎನ್ ಮೊದಲ ಮನೆಯಲ್ಲಿ, ಸಿ ಎರಡನೆಯದರಲ್ಲಿ: ಇಂಗ್ಲಿಷ್ ಪದ ಹಾಗೆ ಶುರುವಾಗುವುದಿಲ್ಲ, ಹೊಡೆದುಹಾಕಿ. ಎನ್ ಮೊದಲು, ಸಿ ನಾಲ್ಕು ಅಥವಾ ಐದು: ಉಳಿದ ಅಕ್ಷರಗಳಿಂದ ಏನೂ ಕೂಡಿಬರುವುದಿಲ್ಲ. ಸಿ ನಾಲ್ಕು, ಎನ್ ಐದು: ಆ ಕೊನೆ ಇಂಗ್ಲಿಷಿನದಲ್ಲ. ಸಿ ಎರಡು, ಎನ್ ಐದು: ಏಕಾರ್ನ್ ಎಂಬ ಓಕ್ ಮರದ ಕಾಯಿ ನೆನಪಾಗುತ್ತದೆ, ಆದರೆ ಎ ಮತ್ತು ಆರ್ ಆಗಲೇ ಹೋಗಿವೆ. ಕೊನೆಗೆ ಎನ್ ಎರಡನೆಯ ಮನೆಯಲ್ಲಿ. ಎನ್‌ನ ಹಿಂದೆ ಏನು ಬರಬಹುದು? ಹೆಜ್ಜೆ 3ರ ಪುಟ ತೆರೆಯಿರಿ: ಕೆ, ಜಿ. ಸ್ವರ ಬೇಕೆಂದರೆ ಐ, ಯು ಇವೆ. ಓ ಆದ ಮೇಲೆ ನಾಲ್ಕರಲ್ಲಿ ಸಿ ಇಟ್ಟರೆ ಕೊನೆಗೆ ಕೆ ತಾನಾಗಿ ಬಂದು ಕೂರುತ್ತದೆ. ಕೆ-ಎನ್-ಓ-ಸಿ-ಕೆ. ಪದ ‘ಹೊಳೆಯುವವರೆಗೆ’ ಕಾಯಬೇಕಾಗಲೇ ಇಲ್ಲ. ಗೆರೆಗಳೇ ಅದನ್ನು ಎಳೆದು ತಂದವು.

ಈ ಆಟದಲ್ಲಿ ಇನ್ನು ಮೂರು ವಿಷಯ ತಿಳಿದಿರಲಿ.

ಮೊದಲ ಊಹೆಗೆ ಹೆಚ್ಚು ಬಳಕೆಯ ಅಕ್ಷರಗಳನ್ನೇ ಆರಿಸಿ, ಆದರೆ ಸರಿಯಾದ ಎಣಿಕೆಯಿಂದ. ಓದುವ ಪಠ್ಯದಲ್ಲಿ ಇ ಆದ ಮೇಲೆ ಟಿ ಬರುತ್ತದೆ, ಎಚ್ ಕೂಡ ಮೇಲಿರುತ್ತದೆ, ಏಕೆಂದರೆ ‘ದಿ’ ಎಂಬ ಪದ ಸಾಲುಸಾಲಿಗೂ ಬರುತ್ತದೆ. ಪದಪಟ್ಟಿಯಲ್ಲಿ ಅದೇ ‘ದಿ’ ಒಂದೇ ಸಲ. ವರ್ಡಲ್‌ನ ಮೂಲ ಉತ್ತರಪಟ್ಟಿಯ 2,315 ಪದಗಳಲ್ಲಿ ಇ, ಎ, ಆರ್, ಓ, ಟಿ, ಎಲ್, ಐ, ಎಸ್, ಎನ್ ಎಂಬುದು ಇಳಿಕೆಯ ಕ್ರಮ. ಎಸ್ ಎಂಟನೆಯ ಸ್ಥಾನದಲ್ಲಿದ್ದರೂ 366 ಪದಗಳು ಅದರಿಂದಲೇ ಶುರುವಾಗುತ್ತವೆ. ಬೇರೆ ಯಾವ ಅಕ್ಷರವೂ ಹತ್ತಿರ ಸುಳಿಯುವುದಿಲ್ಲ. ಕೊನೆಯ ಮನೆಯಲ್ಲಿ ಇ, ಅದರ ನಂತರ ವೈ ಮೇಲುಗೈ. ಸ್ಲೇಟ್ ಎಂಬ ಆರಂಭ ಏಕೆ ಒಳ್ಳೆಯದೆಂದು ಈಗ ಕಾಣುತ್ತದೆ: ಎಸ್ ಮೊದಲಲ್ಲಿ, ಇ ಕೊನೆಯಲ್ಲಿ, ಎರಡೂ ತಮ್ಮ ಇಷ್ಟದ ಮನೆಯಲ್ಲಿವೆ.

ಎರಡನೆಯದು ಬೂದು ಬಣ್ಣದ ಮೋಸ. ಉತ್ತರ ಅಬೈಡ್, ಅಂದರೆ ಎ-ಬಿ-ಐ-ಡಿ-ಇ ಎಂದಿರಲಿ. ನೀವು ಸ್ಪೀಡ್ ಹಾಕಿದಿರಿ. ಅದರಲ್ಲಿ ಎರಡು ಇ. ಉತ್ತರದಲ್ಲಿ ಒಂದೇ. ಮೊದಲ ಇ ಹಳದಿಯಾಗುತ್ತದೆ, ಎರಡನೆಯದು ಬೂದಾಗುತ್ತದೆ. ಆ ಬೂದಿನ ಅರ್ಥ ‘ಇ ಇಲ್ಲ’ ಎಂದಲ್ಲ, ‘ಎರಡನೆಯ ಇ ಇಲ್ಲ’ ಎಂದು. ಇದನ್ನು ತಪ್ಪು ತಿಳಿದು ಕೈಯಲ್ಲಿದ್ದ ಆಟ ಬಿಟ್ಟವರು ಬಹಳ ಮಂದಿ.

ಮೂರನೆಯದು ಒಂದೇ ಬಾಲದ ಬಲೆ. ಕೊನೆಯ ನಾಲ್ಕು ಮನೆಗಳಲ್ಲಿ ಎ-ಟಿ-ಸಿ-ಎಚ್ ಹಸಿರಾಗಿವೆ ಎನ್ನಿ. ಬ್ಯಾಚ್, ಕ್ಯಾಚ್, ಹ್ಯಾಚ್, ಲ್ಯಾಚ್, ಮ್ಯಾಚ್, ಪ್ಯಾಚ್, ವಾಚ್: ಏಳು ಪದಗಳು, ಉಳಿದದ್ದು ಮೂರೇ ಅವಕಾಶ. ಒಂದೊಂದಾಗಿ ಹಾಕುತ್ತಾ ಹೋದರೆ ಅದೃಷ್ಟವನ್ನೇ ನಂಬಬೇಕು. ಬದಲಾಗಿ ಬ್ಲಿಂಪ್ ಎಂಬ ಪದ ಹಾಕಿ: ಬಿ-ಎಲ್-ಐ-ಎಂ-ಪಿ. ಅದು ಉತ್ತರವಲ್ಲ ಎಂದು ಗೊತ್ತಿದ್ದೇ ಹಾಕಬೇಕು. ಬಿ, ಎಲ್, ಎಂ, ಪಿ ನಾಲ್ಕನ್ನೂ ಒಂದೇ ಏಟಿಗೆ ಪರೀಕ್ಷಿಸಿದಂತಾಯಿತು. ಒಂದಕ್ಕೆ ಬಣ್ಣ ಬಂದರೆ ಉತ್ತರ ಸಿಕ್ಕಿತು. ಯಾವುದಕ್ಕೂ ಬಾರದಿದ್ದರೆ ಉಳಿದದ್ದು ಮೂರೇ ಪದ. ಐ-ಜಿ-ಎಚ್-ಟಿ ಬಾಲಕ್ಕೆ ಫಿಲ್ಮ್ಸ್ ಎಂಬ ಪದ ಇದೇ ಕೆಲಸ ಮಾಡುತ್ತದೆ. ಎಫ್, ಎಲ್, ಎಂ, ಎಸ್ ನಾಲ್ಕೂ ಅದರಲ್ಲಿವೆ. ‘ಹಾರ್ಡ್ ಮೋಡ್’ನಲ್ಲಿ ಮಾತ್ರ ಈ ದಾರಿ ಮುಚ್ಚಿರುತ್ತದೆ, ಸಿಕ್ಕ ಅಕ್ಷರಗಳನ್ನು ಬಳಸಲೇಬೇಕು.

ಹೆಜ್ಜೆ 5: ಬಿಲ್ಲೆಗಳನ್ನು ಪದವಾಗಿಸುವುದು

ಸ್ಕ್ರ್ಯಾಬಲ್‌ನ ಮೂಲವೇ ಅಕ್ಷರಗಳ ಎಣಿಕೆ. ನ್ಯೂಯಾರ್ಕಿನ ವಾಸ್ತುಶಿಲ್ಪಿ ಆಲ್ಫ್ರೆಡ್ ಬಟ್ಸ್ 1930ರ ದಶಕದಲ್ಲಿ ಪತ್ರಿಕೆಯ ಮುಖಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿ ಬಿಲ್ಲೆಗಳ ಸಂಖ್ಯೆಯನ್ನೂ ಅಂಕಗಳನ್ನೂ ಗೊತ್ತುಮಾಡಿದರು. ಆ ಹೆಸರು ಬಂದದ್ದು 1948ರಲ್ಲಿ, ಜೇಮ್ಸ್ ಬ್ರೂನೋ ಅವರಿಂದ. ನೂರು ಬಿಲ್ಲೆಗಳಲ್ಲಿ ಇ ಹನ್ನೆರಡು, ಎ ಮತ್ತು ಐ ಒಂಬತ್ತೊಂಬತ್ತು, ಓ ಎಂಟು. ಎಸ್ ನಾಲ್ಕೇ, ಏಕೆಂದರೆ ಹೆಚ್ಚಿದ್ದರೆ ಎಲ್ಲ ಪದಕ್ಕೂ ಬಹುವಚನ ಅಂಟಿಸಿ ಆಟ ಸಪ್ಪೆಯಾಗುತ್ತದೆಂದು ಬಟ್ಸ್ ಭಾವಿಸಿದರು. ಹಾಗಾಗಿ ಎಸ್ ಸಿಕ್ಕರೆ ಐದಾರು ಅಂಕಕ್ಕೆ ಅದನ್ನು ಕಳೆಯಬೇಡಿ.

ನಿಮ್ಮ ಕೈಗೆ ಎ, ಇ, ಜಿ, ಐ, ಎನ್, ಆರ್, ಟಿ ಬಂದಿವೆ ಎನ್ನೋಣ. ಕನ್ನಡಿಗರ ಕಣ್ಣಿಗೆ ಇದರಲ್ಲಿ ಮೊದಲು ಬೀಳುವುದು ರಾಗಿ! ಆರ್-ಎ-ಜಿ-ಐ. ಹೌದು, ರಾಗಿ ಸ್ಕ್ರ್ಯಾಬಲ್‌ನಲ್ಲಿ ಒಪ್ಪಿತ ಪದ, ನಾನು ಮೊದಲ ಸಲ ಪಟ್ಟಿಯಲ್ಲಿ ಕಂಡಾಗ ಹಿಗ್ಗಿ ಹೋಗಿದ್ದೆ. ಅಷ್ಟೇ ಅಲ್ಲ, ದೋಸೆ, ತುಪ್ಪ, ಬೆಲ್ಲ, ಧೋತಿ, ಲಕ್ಷ, ಕೋಟಿ, ರಾಗ, ತಾಳ, ವೀಣೆ, ಪೂಜೆ ಇವುಗಳ ಇಂಗ್ಲಿಷ್ ರೂಪಗಳೂ ಅಲ್ಲಿವೆ. ಆದರೆ ರಾಗಿಯ ಅಂಕ ಬರಿಯ ಐದು. ಏಳೂ ಬಿಲ್ಲೆ ಒಟ್ಟಿಗೆ ಇಟ್ಟರೆ 50 ಅಂಕದ ಬಹುಮಾನವಿದೆ. ಹಾಗಾಗಿ ತಡೆದು ನೋಡೋಣ.

ಬಿಲ್ಲೆಗಳನ್ನು ಸಾಲಾಗಿಡಬೇಡಿ, ವೃತ್ತವಾಗಿ ಜೋಡಿಸಿ. ಸಾಲಿನಲ್ಲಿದ್ದರೆ ಕಣ್ಣು ಎಡದಿಂದಲೇ ಓದುತ್ತದೆ. ನಂತರ ಇಂಗ್ಲಿಷಿನ ಹೆಸರುವಾಸಿ ಬಾಲಗಳನ್ನು ಒಂದೊಂದಾಗಿ ಬದಿಗೆ ತೆಗೆಯಿರಿ. ‘ಇಂಗ್’ ಎಂಬ ಮೂರನ್ನು ಬಲಕ್ಕೆ ಸರಿಸಿದರೆ ಉಳಿಯುವುದು ಎ, ಇ, ಆರ್, ಟಿ. ಟೇರ್ ಎಂದರೆ ಹರಿಯುವುದು, ಟೇರಿಂಗ್ ಸಿಕ್ಕಿತು. ಇದೇ ನಾಲ್ಕರಿಂದ ರೇಟ್ ಕೂಡ ಆಗುತ್ತದಲ್ಲ ಎಂದು ಕೈ ಹಾಕಬೇಡಿ, ಇಂಗ್ ಸೇರುವಾಗ ಅದರ ಇ ಉದುರಿ ಆರಕ್ಷರದ ರೇಟಿಂಗ್ ಆಗುತ್ತದೆ. ಈಗ ‘ಐ-ಇ-ಆರ್’ ಬಾಲ ತೆಗೆಯಿರಿ. ಉಳಿದದ್ದು ಎ, ಜಿ, ಎನ್, ಟಿ: ಟ್ಯಾಂಗ್. ಹುಳಿಮಿಶ್ರಿತ ರುಚಿ ಇನ್ನಷ್ಟು ಹೆಚ್ಚು ಎನ್ನುವ ಟ್ಯಾಂಗಿಯರ್ ಸಿಕ್ಕಿತು. ‘ಐ-ಟಿ-ಇ’ ತೆಗೆದರೆ ಉಳಿದದ್ದು ಜಿ, ಆರ್, ಎ, ಎನ್: ಗ್ರಾನೈಟ್. ಈಗ ಬಾಲ ಬಿಟ್ಟು ತಲೆ ಹಿಡಿಯಿರಿ. ‘ಇನ್’ ಮುಂದಕ್ಕೆ ಇಟ್ಟರೆ ಉಳಿದ ಐದು ಗ್ರೇಟ್ ಆಗುತ್ತವೆ, ತೆಂಗಿನಕಾಯಿ ತುರಿಯುವ ಗ್ರೇಟ್. ಇನ್‌ಗ್ರೇಟ್, ಎಂದರೆ ಕೃತಘ್ನ. ಐದು ನಿಮಿಷದಲ್ಲಿ ನಾಲ್ಕು ಏಳಕ್ಷರದ ಪದಗಳು. ಬಿಲ್ಲೆಗಳ ಅಂಕ 8. ಮೊದಲ ನಡೆಯಾದರೆ ನಡುವಿನ ಮನೆ ಅದನ್ನು 16 ಮಾಡುತ್ತದೆ, ಬಹುಮಾನ ಸೇರಿ 66. ರಾಗಿ ಅದೇ ಜಾಗದಲ್ಲಿ 10 ತರುತ್ತಿತ್ತು.

ರಾಗಿ ಮಣೆಯ ಮೇಲೆ ಎದುರಾಳಿಯಿಂದ ಬಿದ್ದಿದ್ದರೆ ಮಾತ್ರ ಅದರ ಮುಂದೆ ಒಂದು ಟಿ ಇಡಲು ಮರೆಯಬೇಡಿ. ಟ್ರೇಗೈ ಎಂಬುದು ಟ್ರೇಗಸ್‌ನ ಬಹುವಚನ, ಕಿವಿಯ ರಂಧ್ರದ ಮುಂದಿರುವ ಪುಟ್ಟ ಉಬ್ಬಿನ ಹೆಸರು. ಹೀಗೆ ಇರುವ ಪದಕ್ಕೆ ಒಂದು ಅಕ್ಷರ ಸಿಕ್ಕಿಸುವುದನ್ನು ಆಟಗಾರರು ಹುಕ್ ಎನ್ನುತ್ತಾರೆ. ಲೇಟ್ ಎಂಬ ಸರಳ ಪದಕ್ಕೆ ಮುಂದೆ ಪಿ ಇಟ್ಟರೆ ಪ್ಲೇಟ್, ಎಸ್ ಇಟ್ಟರೆ ಸ್ಲೇಟ್, ಇ ಇಟ್ಟರೆ ಇಲೇಟ್. ಹಿಂದೆ ಆರ್ ಇಟ್ಟರೆ ಲೇಟರ್, ಎಕ್ಸ್ ಇಟ್ಟರೆ ಲೇಟೆಕ್ಸ್.

ಕಲಿಯಲು ಹೊರಟವರಿಗೆ ಒಂದು ಆರಕ್ಷರದ ಬೀಜ ಕೊಡುತ್ತೇನೆ: ರೆಟಿನಾ, ಆರ್-ಇ-ಟಿ-ಐ-ಎನ್-ಎ. ಏಳನೆಯದಾಗಿ ಯಾವ ಅಕ್ಷರ ಬಂದರೂ ಬಹುಪಾಲು ಪದ ಕೂಡಿಬರುತ್ತದೆ. ಸಿ ಬಂದರೆ ಸರ್ಟನ್, ಡಿ ಬಂದರೆ ಟ್ರೇನ್ಡ್, ಎಫ್ ಬಂದರೆ ಫೇಂಟರ್, ಎಚ್ ಬಂದರೆ ಹೇರ್‌ನೆಟ್, ಕೆ ಬಂದರೆ ಕೆರಟಿನ್, ಎಲ್ ಬಂದರೆ ರಿಲಯಂಟ್, ಎಂ ಬಂದರೆ ಮಿನರೆಟ್, ಪಿ ಬಂದರೆ ಪೇಂಟರ್, ಆರ್ ಬಂದರೆ ಟ್ರೇನರ್, ಎಸ್ ಬಂದರೆ ನ್ಯಾಸ್ಟಿಯರ್, ಟಿ ಬಂದರೆ ನೈಟ್ರೇಟ್. ಜಿ ಬಂದರೆ ಏನೆಂದು ಆಗಲೇ ನೋಡಿದಿರಿ.

ಹೆಜ್ಜೆ 6: ಒರಟು ಅಕ್ಷರಗಳಿಗೆ ಮದ್ದು

ಕ್ಯೂ ಮತ್ತು ಝಡ್ ಹತ್ತತ್ತು ಅಂಕ, ಜೆ ಮತ್ತು ಎಕ್ಸ್ ಎಂಟೆಂಟು. ಕೊನೆಯವರೆಗೆ ಕೈಯಲ್ಲೇ ಉಳಿದರೆ ಅದೇ ಅಂಕ ನಷ್ಟ. ಇವಕ್ಕೆಲ್ಲ ಎರಡಕ್ಷರದ ಪದಗಳನ್ನು ಬಾಯಿಪಾಠ ಮಾಡಿ: ಕ್ಯೂ-ಐ, ಝಡ್-ಎ, ಜೆ-ಓ, ಎಕ್ಸ್-ಐ, ಎಕ್ಸ್-ಯು, ಎ-ಎಕ್ಸ್, ಇ-ಎಕ್ಸ್, ಓ-ಎಕ್ಸ್. ವಿ ಇರುವ ಎರಡಕ್ಷರದ ಪದ ಎರಡೂ ಪಟ್ಟಿಗಳಲ್ಲಿ ಇಲ್ಲ, ಹುಡುಕಿ ಹೊತ್ತು ಕಳೆಯಬೇಡಿ.

ಯು ಇಲ್ಲದ ಕ್ಯೂ ಬಂದಾಗ ನಮ್ಮ ಕಿವಿ ಒಮ್ಮೆಯಾದರೂ ನೆರವಿಗೆ ಬರುತ್ತದೆ. ಅಂಥ ಪದಗಳಲ್ಲಿ ಎಷ್ಟೋ ಅರಬ್ಬಿ ಮೂಲದವು, ಉರ್ದುವಿನ ಮೂಲಕ ನಮಗೆ ಹಳೆಯ ಪರಿಚಯ: ಫಕೀರ, ತಲಾಖ್, ಕವ್ವಾಲಿ. ಕಾಲಿನ್ಸ್ ಪಟ್ಟಿಯಲ್ಲಿ ಈ ಮೂರಕ್ಕೂ ಕ್ಯೂ ಇರುವ ಬರಹ ಇದೆ. ಬುರ್ಖಾದ ಬರಹದಲ್ಲಿ ಯು ಇದ್ದರೂ ಅದು ಕ್ಯೂ ಪಕ್ಕದಲ್ಲಿಲ್ಲ.

ಸ್ವರಗಳೇ ಬಾರದ ಕೈಗೆ ವೈ ಆಸರೆ: ನಿಂಫ್, ರಿದಂ, ಟ್ರಿಸ್ಟ್, ಪಿಗ್ಮಿ. ಬರೀ ಸ್ವರಗಳೇ ತುಂಬಿದ್ದರೆ ಅಡ್ಯೂ ಮತ್ತು ಆಡಿಯೋ ನಾಲ್ಕು ಸ್ವರಗಳನ್ನು ಒಮ್ಮೆಗೇ ಇಳಿಸುತ್ತವೆ.

ಹೆಜ್ಜೆ 7: ಯಂತ್ರದ ನೆರವು ಪಡೆಯುವ ವಿಧಾನ

ವನ್‌ಲುಕ್ ಎಂಬ ನಿಘಂಟು ಹುಡುಕು ತಾಣ ನನಗೆ ಎಲ್ಲಕ್ಕಿಂತ ಮೆಚ್ಚು. ಅದರಲ್ಲಿ ಪ್ರಶ್ನಾರ್ಥಕ ಚಿಹ್ನೆ (?) ಒಂದು ಅಕ್ಷರದ ಜಾಗ ಹಿಡಿಯುತ್ತದೆ, ನಕ್ಷತ್ರ (*) ಎಷ್ಟು ಅಕ್ಷರಗಳಾದರೂ ಆಗಬಹುದು, ಅಲ್ಪವಿರಾಮ ಎರಡು ಷರತ್ತುಗಳನ್ನು ಜೋಡಿಸುತ್ತದೆ. ಆರು ಪ್ರಶ್ನಾರ್ಥಕ ಹಾಕಿ, ಅಲ್ಪವಿರಾಮ ಕೊಟ್ಟು, ಎರಡು ನಕ್ಷತ್ರಗಳ ನಡುವೆ ವೈ ಬರೆದರೆ ವೈ ಇರುವ ಆರಕ್ಷರದ ಪದಗಳೆಲ್ಲ ಬರುತ್ತವೆ. ಕೊನೆಗೆ ಮೈನಸ್ ಹಾಕಿ ಅಕ್ಷರಗಳನ್ನು ಬರೆದರೆ ಅವು ಇರಬಾರದು ಎಂದರ್ಥ. ಪ್ಲಸ್ ಹಾಕಿದರೆ ಅವು ಮಾತ್ರ ಇರಬೇಕು ಎಂದರ್ಥ. ಸ್ಪೆಲ್ಲಿಂಗ್ ಬೀಗೆ ಬೇಕಾದದ್ದು ಈ ಪ್ಲಸ್. ಎರಡೆರಡು ಓರೆಗೆರೆಗಳ (//) ನಡುವೆ ಅಕ್ಷರಗಳನ್ನು ಇಟ್ಟರೆ ಅವನ್ನು ಕಲೆಸಿ ಪದ ಮಾಡಿಕೊಡುತ್ತದೆ.

ಇಂಟರ್ನೆಟ್ ಬೇಡವೆನ್ನುವವರು ಎನೇಬಲ್ ಎಂಬ ಪದಪಟ್ಟಿಯನ್ನು ಇಳಿಸಿಕೊಳ್ಳಬಹುದು. ಸುಮಾರು 1,72,000 ಪದಗಳಿವೆ, ಹಕ್ಕುಸ್ವಾಮ್ಯದ ತೊಡಕಿಲ್ಲ. ಅದನ್ನು ಎಕ್ಸೆಲ್‌ಗೆ ಹಾಕಿ, ಫಿಲ್ಟರ್‌ನಲ್ಲಿ ಇದೇ ಪ್ರಶ್ನಾರ್ಥಕ ಮತ್ತು ನಕ್ಷತ್ರವನ್ನು ಬಳಸಿ. ಅಲ್ಲಿ ಒಂದು ಸಲಕ್ಕೆ ಎರಡೇ ಷರತ್ತು ಹಾಕಬಹುದಾದ್ದರಿಂದ ವರ್ಡಲ್‌ಗೆ ಗೂಗಲ್ ಶೀಟ್ಸ್‌ನ ರೆಜೆಕ್ಸ್‌ಮ್ಯಾಚ್ ಸೂತ್ರ ಹೆಚ್ಚು ಅನುಕೂಲ. ಅದರಲ್ಲಿ ಚುಕ್ಕೆ ಒಂದು ಅಕ್ಷರ; ಚೌಕ ಆವರಣದೊಳಗೆ ಬರೆದ ಅಕ್ಷರಗಳಲ್ಲಿ ಯಾವುದಾದರೂ ಒಂದು; ಆವರಣದ ಒಳಗೆ ಮೊದಲಿಗೆ ^ ಹಾಕಿದರೆ ‘ಇವು ಬಿಟ್ಟು ಬೇರೆ’. ಹೆಜ್ಜೆ 4ರಲ್ಲಿ ಪೆನ್ಸಿಲ್‌ನಿಂದ ಮಾಡಿದ್ದನ್ನೇ ಇದು ಕ್ಷಣದಲ್ಲಿ ಮಾಡುತ್ತದೆ.

ಸ್ಕ್ರ್ಯಾಬಲ್ ಆಟಗಾರರು ಅಭ್ಯಾಸಕ್ಕೆ ಬಳಸುವುದು ಝಿಝಿವಾ ಎಂಬ ತಂತ್ರಾಂಶ. ಅದರ ಹಿಂದಿರುವ ಉಪಾಯ ಸರಳ: ಪ್ರತಿ ಪದದ ಅಕ್ಷರಗಳನ್ನು ಎ, ಬಿ, ಸಿ ಕ್ರಮಕ್ಕೆ ಹೊಂದಿಸಿ ಒಂದು ‘ಕೀಲಿ’ ಮಾಡುವುದು. ಗ್ರಾನೈಟ್, ಟೇರಿಂಗ್, ಇನ್‌ಗ್ರೇಟ್, ಟ್ಯಾಂಗಿಯರ್ ನಾಲ್ಕಕ್ಕೂ ಕೀಲಿ ಒಂದೇ: ಎ-ಇ-ಜಿ-ಐ-ಎನ್-ಆರ್-ಟಿ. ಕಾರ್ಡಿನ ಒಂದು ಬದಿಗೆ ಕೀಲಿ, ಇನ್ನೊಂದು ಬದಿಗೆ ಪದಗಳನ್ನು ಬರೆದು ನಾನು ಬಸ್ಸಿನಲ್ಲಿ ತಿರುವಿ ಹಾಕುತ್ತೇನೆ. ಬಿಲ್ಲೆಗಳು ಕೈಗೆ ಬಂದಾಗ ಅವನ್ನು ಮೊದಲು ಇದೇ ಕ್ರಮದಲ್ಲಿಟ್ಟರೆ ಕಾರ್ಡಿನ ಮುಖ ಕಣ್ಣ ಮುಂದೆ ಬಂದು ನಿಲ್ಲುತ್ತದೆ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಎದುರಿಗೆ ಇನ್ನೊಬ್ಬರು ಆಡುತ್ತಿರುವಾಗ, ಅದು ಮೊಬೈಲಿನ ಆಟವೇ ಆಗಿರಲಿ, ಈ ಯಾವ ನೆರವನ್ನೂ ತೆಗೆಯಬಾರದು. ಒಬ್ಬರೇ ಆಡುವ ಆಟದಲ್ಲಿ ಅದು ನಿಮ್ಮ ಇಷ್ಟ. ನಮ್ಮ ಮನೆಯಲ್ಲಿ ಆಟ ಮುಗಿದ ಮೇಲಷ್ಟೇ ಯಂತ್ರ ತೆರೆಯುತ್ತೇವೆ.

ಹೆಜ್ಜೆ 8: ತಪ್ಪಿಸಿಕೊಂಡ ಪದಗಳ ಪುಸ್ತಕ

ಪ್ರತಿ ಆಟದ ನಂತರ ನಿಮ್ಮ ಅತ್ಯಂತ ಕಷ್ಟದ ಕೈಯೊಂದನ್ನು ಆರಿಸಿ, ಅದರ ಅಕ್ಷರಗಳನ್ನು ಹುಡುಕು ತಾಣಕ್ಕೆ ಕೊಡಿ. ಬಂದ ಪದಗಳಲ್ಲಿ ನಿಮಗೆ ಮೊದಲೇ ಗೊತ್ತಿದ್ದೂ ಹೊಳೆಯದಿದ್ದವುಗಳನ್ನು ಮಾತ್ರ ಬರೆದುಕೊಳ್ಳಿ. ಎಂದೂ ಕೇಳದ ಪದಗಳು ಕಾಯಲಿ. ಪಕ್ಕದಲ್ಲಿ ಏಕೆ ತಪ್ಪಿತೆಂದು ಎರಡೇ ಮಾತು: ‘ಮೌನದ ಅಕ್ಷರ’, ‘ಬಾಲ ನೋಡಲಿಲ್ಲ’, ‘ಒಂದೇ ಅಕ್ಷರ ಎರಡು ಸಲ’. ಹತ್ತು ಆಟಗಳಾಗುವಷ್ಟರಲ್ಲಿ ನಿಮ್ಮ ಕಣ್ಣು ಎಲ್ಲಿ ಎಡವುತ್ತದೆಂದು ಆ ಕಾಲಮ್ಮೇ ತೋರಿಸುತ್ತದೆ, ಮುಂದಿನ ವಾರದ ಅಭ್ಯಾಸವನ್ನು ಅಲ್ಲಿಂದ ಶುರುಮಾಡಿ.

ಮಗಳ ಪುಸ್ತಕದ ಮೊದಲ ಸಾಲು ನಾಕ್. ಎರಡು ಕೆಗಳನ್ನೂ ಅವಳು ಕೆಂಪು ಶಾಯಿಯಲ್ಲಿ ಬರೆದಿದ್ದಾಳೆ.